ಎಲ್ಲ ಕಲ್ಲೂ ಅಮಾತೆಪ್ಪನೇ ಒಡೆದದ್ದು

ಇಳಕಲ್ಲಿನ ಆ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ಕೈತಪ್ಪಿ ಹೆಚ್ಚು ಕಲ್ಲು ಒಡೆದವರು ಯಾರು ಎಂದು ಕೇಳಿದರೆ ಎಲ್ಲರ ಬೆರಳೂ ಮೇಸ್ತ್ರಿ ಅಮಾತೆಪ್ಪನ ಕಡೆ ತಿರುಗುತ್ತಿತ್ತು. ಖರೆ ಹೇಳಬೇಕೆಂದರೆ ಆ ಮನುಷ್ಯ ತನ್ನ ಜನ್ಮದಲ್ಲಿ ಒಂದು ಚಪ್ಪಡಿಯನ್ನೂ ಒಡೆದವನಲ್ಲ.

ಹಳೆಯ ಮಾಲೀಕನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರ ಕೈಯಲ್ಲಿ ಕಲ್ಲು ಒಡೆಯಿತೋ ಅವನು ಅವತ್ತೇ ಗೇಟಿನ ಆಚೆ. ಆದರೆ ಅಮಾತೆಪ್ಪ ಮಾಲೀಕನ ಮನೆಯಲ್ಲಿ ಉಂಡು ಬೆಳೆದವನು, ಅವನಿಗೆ ಬೈಗುಳ ಬಿಟ್ಟರೆ ಬೇರೆ ಶಿಕ್ಷೆ ಇರಲಿಲ್ಲ. ಅದಕ್ಕೇ ಯಾರದೇ ಕೈ ಜಾರಲಿ, ಇವನು ಮೈಮೇಲಿನ ಧೂಳು ಕೊಡವಿಕೊಂಡು ಆಫೀಸಿಗೆ ಹೋಗಿ, ನನ್ನ ಕೈಯಿಂದ ಆಯಿತು ಎಂದು ನಿಲ್ಲುತ್ತಿದ್ದ. ಅವ್ವ-ಅಕ್ಕ ಸೇರಿಸಿ ಬೈಸಿಕೊಂಡು ಹೊರಗೆ ಬಂದು, ತಂಬಾಕು ತಿಕ್ಕುತ್ತ, ಮುಗೀತು ಚಾ ಕುಡೀರಿ ಎನ್ನುತ್ತಿದ್ದ. ಮಂದಿ ಅಂಜಿಕೆಯಿಲ್ಲದೆ ದುಡಿಯುತ್ತಿದ್ದರು. ಅಕ್ಕಪಕ್ಕದ ಫ್ಯಾಕ್ಟರಿಗಳಲ್ಲಿ ಆಳು ನಿಲ್ಲದಿದ್ದರೂ ಇಲ್ಲಿಂದ ಯಾರೂ ಬಿಟ್ಟು ಹೋಗಲಿಲ್ಲ.

ಪಾಲಿಶ್ ಮಾಡುವ ಹುಡುಗ ಕಲ್ಲೇಶನ ಮನೆ ಮುಂದೆ ಅವನ ಮದುವೆಯ ಹಂದರ ಹಾಕಿದ ವಾರವೇ ಅವನ ಕೈಯಲ್ಲಿ ದೊಡ್ಡದೊಂದು ಕೆಂಪು ಚಪ್ಪಡಿ ಎರಡು ಹೋಳಾಯಿತು. ಅದನ್ನೂ ಅಮಾತೆಪ್ಪ ತನ್ನ ತಲೆಗೆ ಕಟ್ಟಿಕೊಂಡ. ಹುಡುಗ ಅವನ ಕಾಲು ಹಿಡಿದು, ನಿಮ್ಮ ಋಣ ಈ ಜನ್ಮದಾಗ ತೀರಂಗಿಲ್ಲ ಕಾಕಾ ಎಂದು ಅತ್ತಿದ್ದ.

ಮಾಲೀಕ ತೀರಿಕೊಂಡ ಮೇಲೆ ಅವನ ಅಳಿಯ ಬಾಗಲಕೋಟೆಯಿಂದ ಪ್ರವೀಣಕುಮಾರ ಎಂಬ ಮ್ಯಾನೇಜರನನ್ನು ಕರೆತಂದ. ಬಾಯಲ್ಲಿ ಬೆಣ್ಣೆ ಇಟ್ಟುಕೊಂಡ ಮನುಷ್ಯ. ಒಮ್ಮೆಯೂ ದನಿ ಏರಿಸಲಿಲ್ಲ. ಫ್ಯಾನು ಹಾಕಿಸಿದ, ತಣ್ಣೀರಿನ ವ್ಯವಸ್ಥೆ ಮಾಡಿದ, ಮುಂಜಾನೆ ಎಲ್ಲರನ್ನೂ ನಿಲ್ಲಿಸಿ ಚಪ್ಪಾಳೆ ಹೊಡೆಸಿ ನಗಿಸಿದ. ಕೆಲಸಗಾರರಿಗೆ ಟೆನ್ಶನ್ ಇರಬಾರದು ಎಂಬುದೇ ಅವನ ಮಂತ್ರ. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಅಮಾತೆಪ್ಪನೇ, ಪಾಪ. ಕಾಲಲ್ಲಿ ಶಕ್ತಿ ಇರುವ ತನಕ ಆ ಶೆಡ್ಡಿನಲ್ಲೇ ಮೇಸ್ತ್ರಿಯಾಗಿ ಇರಬೇಕು ಎನ್ನುವುದೊಂದೇ ಅವನ ಆಸೆ. ಅದನ್ನು ಬಿಟ್ಟರೆ ಅವನಿಗೆ ಬೇರೆ ಲೋಕವೇ ಇರಲಿಲ್ಲ.

ಮನಸ್ಸು ಹಗುರಾಗಲಿ ಎಂದು ಮ್ಯಾನೇಜರ್ ಒಂದು ಭಾನುವಾರ ಎಲ್ಲರನ್ನೂ ಮಹಾಕೂಟಕ್ಕೆ ಕರೆದೊಯ್ದ. ಹೊಂಡದಲ್ಲಿ ಈಜಾಡಿ, ಹೊಟ್ಟೆ ತುಂಬ ಉಂಡು, ಮರದ ನೆರಳಲ್ಲಿ ದುಂಡಗೆ ಕೂತರು. ಕೆಲಸದಲ್ಲಿ ನಿಮಗೆ ಯಾವುದರ ಹೆದರಿಕೆ, ಮನಸ್ಸು ಬಿಚ್ಚಿ ಹೇಳಿ ಎಂದ. ಕಲ್ಲು ಒಡೆಯೋದರದು ಎಂದರು ಎಲ್ಲರೂ. ಅವನು ಮುಗುಳ್ನಕ್ಕ. ಇಷ್ಟು ವರ್ಷ ಒಡೆದದ್ದೆಲ್ಲ ಹೆಚ್ಚೂಕಡಿಮೆ ಒಬ್ಬರ ಕೈಯಲ್ಲೇ, ಹಂಗಿದ್ದ ಮೇಲೆ ನಿಮಗ್ಯಾಕೆ ಅಂಜಿಕೆ, ಆ ಒಬ್ಬರಿಗೆ ವಿಶ್ರಾಂತಿ ಕೊಟ್ಟರೆ ಎಲ್ಲರ ಟೆನ್ಶನ್ನೂ ಹೋಯಿತಲ್ಲ ಎಂದ. ಇದಕ್ಕೆ ಯಾರದಾದರೂ ತಕರಾರು ಇದೆಯಾ ಎಂದೂ ಕೇಳಿದ.

ಆ ಒಬ್ಬ ತಾನೇ ಎಂದು ಅಮಾತೆಪ್ಪನಿಗೆ ತಿಳಿಯಿತು. ಬಾಯಿ ಬಿಟ್ಟರೆ ಹುಡುಗರೆಲ್ಲ ಸಿಕ್ಕಿಬೀಳುತ್ತಾರೆ. ಅವರಲ್ಲೇ ಒಬ್ಬ ತಾನಾಗಿ ಒಂದು ಮಾತು ಹೇಳಿದರೆ ಸಾಕು ಎಂದು ಒಬ್ಬೊಬ್ಬರ ಮುಖ ನೋಡಿದ. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಕಲ್ಲೇಶ ಬಾಯಿ ತೆರೆದ.

"ಕಾಕಾಗ ವಯಸ್ಸಾತ್ರಿ ಸರ್. ಈಗೀಗ ಕೈ ಭಾಳ ನಡಗತಾವು."

ಚಪ್ಪಾಳೆ ಬಿತ್ತು. ಮ್ಯಾನೇಜರ್ ಚೀಲದಿಂದ ಶಾಲು ತೆಗೆದ. ಶಾಲು ಮೊದಲೇ ತಂದಿದ್ದ, ಪುಣ್ಯಾತ್ಮ. ತಾನು ಕಾಪಾಡಿದ ಕೈಗಳೇ ತನಗೆ ಹಾರ ಹಾಕುವಾಗ ಅಮಾತೆಪ್ಪ ಕೊರಳು ಬಗ್ಗಿಸಿ ಕೊಟ್ಟ. ಫೋಟೋಕ್ಕೆ ನಗ್ರಿ ಅಂದರು, ನಕ್ಕ. ಬಸ್ಸು ಇಳಕಲ್ ಮುಟ್ಟುವ ತನಕ ಹುಡುಗರು ಹಾಡು ಹೇಳುತ್ತಲೇ ಇದ್ದರು.

ಮುಂದಿನ ತಿಂಗಳು ಕಲ್ಲೇಶ ಅಮಾತೆಪ್ಪನ ಮನೆಗೆ ಬಂದ. ಈಗ ಅವನೇ ಮೇಸ್ತ್ರಿ. ಕಟ್ಟೆಯ ತುದಿಗೆ ಕೂತು ಕೈ ಹೊಸೆದ.

"ನಿನ್ನೆ ನನ್ನ ಕೈಯಾಗ ಒಂದು ಸ್ಲ್ಯಾಬ್ ಹೋತ್ರಿ ಕಾಕಾ. ನೀವು ಇದ್ದಾಗನ ಅದಕ್ಕ ಪೆಟ್ಟು ಬಿದ್ದಿತ್ತು ಅಂತ ಹೇಳೇನಿ. ಸಾಹೇಬ್ರು ಫೋನ್ ಮಾಡಿದ್ರ ಹೌದು ಅಂದಬಿಡ್ರಿ. ನೀವಂತೂ ಈಗ ಹೊರಗ ಅದೀರಿ."

ಒಳಗಿನಿಂದ ಹೆಂಡತಿ ಗುರುಲಿಂಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಇವರು ಸತ್ತ ಮ್ಯಾಲೂ ಬರ್ತಿಯೇನಪಾ, ಗೋರಿ ಮುಂದ ನಿಂತು ಕೇಳಾಕ?"

ಕಲ್ಲೇಶ ಬಗ್ಗಿ ಕಾಲ ಬಳಿಯ ಮಣ್ಣು ಕೆದಕತೊಡಗಿದ. ಅಮಾತೆಪ್ಪನಿಗೆ ಜೀವಮಾನದಲ್ಲೇ ಮೊದಲ ಸಲ ಇಲ್ಲ ಎನ್ನಬೇಕು ಅನ್ನಿಸಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪ್ರವೀಣಕುಮಾರ ಬಹಳ ಮೆಲ್ಲಗೆ, ಬೇಜಾರಾಗಬೇಡಿ ಎಂದು ಹೇಳಿಯೇ ಕೇಳಿದ. ಅಮಾತೆಪ್ಪ ಕಲ್ಲೇಶನ ಬಗ್ಗಿದ ಕುತ್ತಿಗೆಯನ್ನೇ ನೋಡುತ್ತಿದ್ದ.

"ಹೌದ್ರಿ ಸಾಹೇಬ್ರ, ನನ್ನ ಕೈಯಿಂದ ಆಗಿದ್ದು."

ಗುರುಲಿಂಗವ್ವ ಹಿಟ್ಟಿನ ಕೈ ಕೊಡವಿ ಒಳಗೆ ಹೋದಳು. ಕಲ್ಲೇಶ ನಿಟ್ಟುಸಿರು ಬಿಟ್ಟು, ಕಿಸೆಯಿಂದ ತಂಬಾಕು ತೆಗೆದು ಅಂಗೈಗೆ ಹಾಕಿಕೊಂಡು ತಿಕ್ಕತೊಡಗಿದ.

"ಭಾಳ ಹಗುರಾತು ನೋಡ್ರಿ ಕಾಕಾ," ಅಂದ. "ಚಾ ಮಾಡಸ್ರಿ."