ಹನ್ನೆರಡನೆಯ ಡಬ್ಬ

ನನ್ನ ಚಿಕ್ಕಮ್ಮ ನಲವತ್ತು ವರ್ಷ ಅಂಗಿಗಳಿಗೆ ಗುಂಡಿ ಹೊಲಿದವಳು. ಗೇಣುದ್ದ ದಾರ ಮಿಕ್ಕರೂ ಎಸೆಯುವವಳಲ್ಲ. ಅಂಥವಳ ಉಗ್ರಾಣ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಾಗಿಲು ತೆಗೆದರೆ ಖಾಲಿ ಚೀಲಗಳು ಮೈಮೇಲೆ ಬೀಳುತ್ತಿದ್ದವು, ಮೂಲೆಯಲ್ಲಿ ಹರಿದ ಜರಡಿಗಳೇ ಮೂರಿದ್ದವು. ಮೇಲಿನ ಹಲಗೆಯಲ್ಲಿ ಮಾತ್ರ ಹನ್ನೆರಡು ತಗಡಿನ ಡಬ್ಬಗಳು ಸಾಲಾಗಿ ನಿಂತಿದ್ದವು.

ಅವು ದೊಡ್ಡಮ್ಮನವು. ಚಿಕ್ಕಮ್ಮನ ಅಕ್ಕ, ಹುಟ್ಟಿನಿಂದಲೇ ಕಣ್ಣು ಕಾಣದವಳು. ಇಬ್ಬರೂ ಮದುವೆಯಾಗದೆ ಆ ಮನೆಯಲ್ಲೇ ಬಾಳಿದರು. ದಿನಾ ಮಧ್ಯಾಹ್ನ ಊಟವಾದ ಮೇಲೆ ದೊಡ್ಡಮ್ಮ ಬೆರಳ ಗೆಣ್ಣಿನಿಂದ ಡಬ್ಬಗಳನ್ನು ಒಂದೊಂದಾಗಿ ತಟ್ಟುತ್ತಿದ್ದಳು. ತುಂಬಿದ್ದರೆ ದಬ್, ತಳ ಕಂಡಿದ್ದರೆ ಟಣ್. "ಸಕ್ಕರೆ ನಾಡಿದ್ದಿಗೆ ಮುಗಿಯುತ್ತೆ ಕಣೇ" ಅನ್ನುವಳು. ಒಂದು ಸಲವೂ ಲೆಕ್ಕ ತಪ್ಪಿದ್ದಿಲ್ಲ.

ಆಕೆ ತೀರಿಕೊಂಡ ಮೇಲೂ ತಟ್ಟುತ್ತಾಳೆಂದು ಚಿಕ್ಕಮ್ಮ ಹೇಳಿದಾಗ ನಾನು ನಕ್ಕುಬಿಟ್ಟೆ.

"ಇಲಿ ಇರಬೇಕು."

"ಇಲಿ ಬೇಳೆ ತಿನ್ನುತ್ತೆ. ಬೇಳೆ ಮುಗೀತಾ ಬಂತು ಅಂತ ನಂಗೆ ಹೇಳುತ್ತಾ?"

ನಾನು ಹಾಸ್ಟೆಲ್ ಒಂದರ ಅಡುಗೆಮನೆ ನೋಡಿಕೊಳ್ಳುವವಳು. ಒಪ್ಪವಿಲ್ಲದ ಜಾಗ ಕಂಡರೆ ಮೈ ಉರಿಯುತ್ತದೆ. ಒಂದು ವಾರ ರಜೆ ಹಾಕಿ ಚಿಕ್ಕಮ್ಮನ ಉಗ್ರಾಣಕ್ಕೆ ಕೈ ಹಾಕಿದೆ. ಬಿಡಿಗಾಸೂ ಖರ್ಚಿಲ್ಲ. ಹಾಸ್ಟೆಲ್‌ನ ಖಾಲಿ ಜಾಮ್ ಬಾಟಲಿಗಳನ್ನು ಕುದಿಸಿ ತೊಳೆದೆ, ಚಪ್ಪಲಿ ಡಬ್ಬಿಗಳನ್ನು ಡ್ರಾಯರ್ ಮಾಡಿದೆ, ಹಿಡಿಗೆ ಆಕೆಯದೇ ಹಳೆ ಗುಂಡಿ ಅಂಟಿಸಿದೆ. ಎಲ್ಲವೂ ಗಾಜಿನೊಳಗಿಂದ ಕಣ್ಣಿಗೆ ಕಾಣುವಾಗ ತಟ್ಟುವುದೇಕೆ? ಚಿಕ್ಕಮ್ಮ ಕನ್ನಡಕ ಬದಲಿಸಲು ಹೋಗಿದ್ದ ಹೊತ್ತಿನಲ್ಲಿ ಹನ್ನೆರಡೂ ಡಬ್ಬಗಳನ್ನು ಗುಜರಿಯವನಿಗೆ ಎತ್ತಿಕೊಟ್ಟೆ. ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಅದಕ್ಕೇ ಕೇಳಲಿಲ್ಲ.

ಬಂದವಳು ಬಾಗಿಲಲ್ಲೇ ನಿಂತಳು. "ಚೆನ್ನಾಗಿದೆ" ಅಂದಳು. ಆಮೇಲೆ, "ಇನ್ನು ಅವಳು ಏನನ್ನ ತಟ್ಟಬೇಕು?" ಅಂದಳು.

ಮೂರು ವಾರ ಬಿಟ್ಟು ನೋಡಲು ಹೋದರೆ ಚಿಕ್ಕಮ್ಮ ಅರ್ಧಕ್ಕೆ ಇಳಿದಿದ್ದಳು. ಬಾಟಲಿಗಳೆಲ್ಲ ನಾನು ತುಂಬಿಟ್ಟ ಹಾಗೇ ಇದ್ದವು.

"ಊಟ ಬಿಟ್ಟಿದ್ದೀಯಾ? ಏನಾಗಿದೆ ನಿಂಗೆ?" ಎಂದು ಗದರಿದೆ.

ಆಕೆ ಎದೆಯ ಮೇಲ್ಭಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಡಬ್ಬ ಇಲ್ವಲ್ಲ. ಮಧ್ಯಾಹ್ನ ಬಂದು ನನ್ನನ್ನೇ ತಟ್ಟಿ ನೋಡ್ತಾಳೆ."

"ಏನು... ಏನು ಸದ್ದು ಬರುತ್ತೆ?"

ಚಿಕ್ಕಮ್ಮ ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು. ತಾಯಿಯಿಲ್ಲದ ನನಗೆ ಇರುವವಳು ಇವಳೊಬ್ಬಳೇ, ಇವಳನ್ನೂ ನಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿ ಗುಜರಿ ಅಂಗಡಿಗೆ ಓಡಿದೆ.

"ಹನ್ನೊಂದಿವೆ ಅಕ್ಕಾ," ಅಂದ ಗುಜರಿಯವನು. "ಒಂದು ಜಜ್ಜಿ ಹೋಯ್ತು."

ಹನ್ನೊಂದನ್ನೂ ತೊಳೆದು, ಒರೆಸಿ, ಬಾಯಿತನಕ ತುಂಬಿ ಹಳೆಯ ಹಲಗೆಯ ಮೇಲೇ ಜೋಡಿಸಿದೆ. ಮರುದಿನ ಮಧ್ಯಾಹ್ನ ಉಗ್ರಾಣದ ಬಾಗಿಲು ತೆರೆದಿಟ್ಟು ಎದುರಿಗೆ ಎರಡು ಕುರ್ಚಿ ಹಾಕಿ ಕೂತೆವು. ಚಿಕ್ಕಮ್ಮನ ಎರಡೂ ಕೈ ಮಡಿಲಲ್ಲಿದ್ದವು. ಒಳಗೆ ಯಾರೂ ಇರಲಿಲ್ಲ. ಹಲಗೆಯ ಮೇಲೆ ಬಿಸಿಲಿತ್ತು, ಡಬ್ಬಗಳು ಒಂದೊಂದೂ ಚೆನ್ನಾಗಿ ಕಾಣುತ್ತಿದ್ದವು.

ದಬ್.

ನಾನು ಚಿಕ್ಕಮ್ಮನ ತೋಳು ಹಿಡಿದುಕೊಂಡೆ. ದಬ್. ದಬ್. ಸದ್ದು ಎಡದಿಂದ ಬಲಕ್ಕೆ, ಅವಸರವಿಲ್ಲದೆ ಸಾಗಿತು. ಹನ್ನೊಂದು. ಉಸಿರು ಬಿಟ್ಟೆ.

ಟಣ್.

ಅದು ಪಕ್ಕದ ಕುರ್ಚಿಯಿಂದ ಬಂತು. ನಾನು ಹಿಡಿದಿದ್ದ ತೋಳಿನವರೆಗೂ ಅದರ ಕಂಪನ ಹರಿಯಿತು.

"ನಿಂಗೂ ಕೇಳಿಸ್ತಾ?" ಎಂದಳು ಚಿಕ್ಕಮ್ಮ. ಅವಳ ಮುಖದಲ್ಲಿ ನೆಮ್ಮದಿಯಿತ್ತು.

"ನಾನು ತುಂಬಿಸ್ತೀನಿ ಅಂತ ಹೇಳು ಅವಳಿಗೆ!" ಎಂದು ಕಿರುಚಿದೆ. ಅಳುತ್ತಲೇ ತಟ್ಟೆ ತಂದು ತುತ್ತು ಮಾಡಿ ಬಾಯಿಗಿಟ್ಟೆ. ನಾಲ್ಕು ತುತ್ತು ತಿಂದಳು. ರಾತ್ರಿ ಮತ್ತೆ ಆರು. ಬೆಳಿಗ್ಗೆ ಹಾಲು ಕುಡಿದಳು.

ಮಧ್ಯಾಹ್ನ ಅದೇ ಕುರ್ಚಿಗಳಲ್ಲಿ ಕೂತೆವು. ದಬ್, ದಬ್ ಎಂದು ಸಾಲು ಶುರುವಾಯಿತು. ಹನ್ನೊಂದರವರೆಗೆ ಎಣಿಸಿದೆ. ಆಮೇಲೆ ಎರಡೂ ಕಿವಿ ಮುಚ್ಚಿಕೊಂಡೆ.