ಮಡಿಲು ತುಂಬುವವರೆಗೆ ರಜೆ

ಆ ವರ್ಷದ ಬೇಸಿಗೆ ರಜೆಯನ್ನು ಅಕ್ಕ ತನ್ನ ಮಗಳಿಗೆ ಹೇಳುವ ರೀತಿಯೇ ಬೇರೆ. ಹಲಸೂರಿನ ಅಜ್ಜಿ ಮನೆ, ಮೆಟ್ಟಿಲ ಮೇಲೆ ಕೂತು ಚೀಪಿದ ಐಸ್ ಕ್ಯಾಂಡಿ, ಪಕ್ಕದ ಮನೆಯ ತಮಿಳು ಅಜ್ಜಿ ಹಾಕಿಕೊಟ್ಟ ಕನಕಾಂಬರದ ಜಡೆ, ಸ್ಕೂಲು ಶುರುವಾದರೂ ಮುಗಿಯದ ರಜೆ. ಕೇಳಿದವರಿಗೆ ಹೊಟ್ಟೆಕಿಚ್ಚಾಗಬೇಕು. ಅದರಲ್ಲಿ ಒಂದೂ ಸುಳ್ಳಲ್ಲ. ಆದರೂ ಅಕ್ಕ ಹೇಳುತ್ತಿರುವಾಗ ನನಗೆ ಎದ್ದು ಹೊರಗೆ ಹೋಗಬೇಕು ಅನ್ನಿಸುತ್ತದೆ.

ನಾವು ಆಗ ಕೆ.ಆರ್. ಪುರದಲ್ಲಿದ್ದೆವು, ತೊಂಬತ್ತರ ದಶಕದ ಶುರುವಿನಲ್ಲಿ. ಅದೂ ಬೆಂಗಳೂರೇ ಅಂತ ನಮಗೆ ಯಾರೂ ಹೇಳಿರಲಿಲ್ಲ. ಸಂತೆ ಇತ್ತು, ಕೆರೆ ಇತ್ತು, ಮನೆಯ ಹಿಂದೆ ಯಾರದೋ ದ್ರಾಕ್ಷಿ ತೋಟ ಇತ್ತು. ಹಲಸೂರಿಗೆ ಹೊರಟವರು "ಬೆಂಗಳೂರಿಗೆ ಹೋಗ್ಬರ್ತೀನಿ" ಅಂತಲೇ ಬಸ್ಸು ಹತ್ತುತ್ತಿದ್ದರು. ಬೇರೆ ಮಕ್ಕಳು ರಜೆಗೆ ಪೇಟೆಯಿಂದ ಹಳ್ಳಿಗೆ ಹೋದರೆ ನಾವು ಉಲ್ಟಾ.

ಸಂಜೆ ಹೊತ್ತು ಅಪ್ಪ ನಮ್ಮಿಬ್ಬರನ್ನೂ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಿದ್ದ. ಗೂಡ್ಸ್ ಗಾಡಿ ಬಂದರೆ ಬೋಗಿ ಎಣಿಸುವುದು. ಅಕ್ಕನ ಲೆಕ್ಕ ಒಂದು, ನನ್ನ ಲೆಕ್ಕ ಇನ್ನೊಂದು. ಅಪ್ಪ ಇಬ್ಬರದೂ ಸರಿ ಅನ್ನುತ್ತಿದ್ದ. ಅಂಥ ಅಪ್ಪ ಕೆಟ್ಟವನಲ್ಲ ಎಂದು ಇಲ್ಲಿ ಒಂದು ವಾಕ್ಯ ಬರೆದಿದ್ದೆ. ಹೊಡೆದುಹಾಕಿದ್ದೇನೆ. ಒಳ್ಳೆಯವನು ಎಂದೂ ಬರೆದು ನೋಡಿದೆ. ಅದೂ ನಿಲ್ಲಲಿಲ್ಲ.

ಯಾಕೆಂದರೆ ಅಪ್ಪ ಅಮ್ಮನ ಜೊತೆ ಮಾತು ಬಿಟ್ಟಿದ್ದ. ಸಂಕ್ರಾಂತಿಯ ಆಸುಪಾಸಿನಲ್ಲಿ ನಿಂತ ಮಾತು ಬೇಸಿಗೆಗೂ ಶುರುವಾಗಿರಲಿಲ್ಲ. ಹೊಡೆತ ಬಡಿತ ಏನೂ ಇಲ್ಲ. ಅಮ್ಮ ಎದುರಿಗೇ ನಿಂತು ಬಡಿಸುತ್ತಿರುವಾಗ ನನ್ನ ಕಡೆ ತಿರುಗಿ, "ನಿಮ್ಮಮ್ಮಂಗೆ ಹೇಳು, ಸಾರು ಸಾಕು ಅಂತ" ಅನ್ನುತ್ತಿದ್ದ. ನಾನು ಅಮ್ಮನ ಕಡೆ ತಿರುಗಿ, "ಸಾರು ಸಾಕಂತೆ" ಅನ್ನುತ್ತಿದ್ದೆ. ಒಂದು ದಿನ ನಾನು, ಒಂದು ದಿನ ಅಕ್ಕ. ನಮ್ಮ ಪಾಳಿ ಬಂದಾಗ ನಮಗೆ ಒಂಥರಾ ಜಂಬ. ಮಾತು ಬಿಟ್ಟಿದ್ದಕ್ಕೆ ಕಾರಣ ಏನೆಂದು ದೊಡ್ಡವನಾದ ಮೇಲೆ ಮೂರು ಜನರಿಂದ ಮೂರು ಥರ ಕೇಳಿದೆ. ಯಾವುದೂ ಆ ಮೌನದಷ್ಟು ದೊಡ್ಡದಾಗಿರಲಿಲ್ಲ.

ರಜೆ ಬಂತು. ಪ್ರತಿ ವರ್ಷದಂತೆ ಅಮ್ಮ ನಮ್ಮನ್ನು ಹಲಸೂರಿನ ತನ್ನ ತವರಿಗೆ ಕರೆದುಕೊಂಡು ಹೋದಳು. ಹಳೇ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಹಜಾರ ಅಂತ ಕರೆಯುವ ಒಂದಿಷ್ಟು ಜಾಗ. ಅದರಲ್ಲಿ ಅಜ್ಜಿ, ಮಾವ, ಅತ್ತೆ, ಅವರ ಕೂಸು.

ಆ ಮನೆಯಲ್ಲಿ ನಮ್ಮ ರಜೆಗೆ ಕ್ಯಾಲೆಂಡರು ಬೇಕಿರಲಿಲ್ಲ. ಹೊರಡುವ ದಿನ ಅಜ್ಜಿ ಅಟ್ಟದಿಂದ ಮಣೆ ಇಳಿಸಿ, ಅಮ್ಮನನ್ನು ಕೂರಿಸಿ, ಅವಳು ಒಡ್ಡಿದ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಹಾಕಿ ಮಡಿಲು ತುಂಬುತ್ತಿದ್ದಳು. ಅಮ್ಮ ಅದರಲ್ಲಿ ಒಂದು ಹಿಡಿ ಅಕ್ಕಿ ತವರಿನ ಡಬ್ಬಕ್ಕೇ ವಾಪಸು ಹಾಕುತ್ತಿದ್ದಳು. ಅಲ್ಲಿಗೆ ಮುಗಿಯಿತು, ಇನ್ನು ಬಸ್ಸು. ಮಡಿಲು ತುಂಬುವವರೆಗೆ ರಜೆ.

ಆ ವರ್ಷ ಮಣೆ ಇಳಿಯಲೇ ಇಲ್ಲ. ಮೇ ಕಳೆಯಿತು, ಸ್ಕೂಲು ಶುರುವಾಯಿತು. ನಮಗೆ ಹಬ್ಬ. ಅಮ್ಮ ಮಾತ್ರ ಅತ್ತೆ ಏಳುವ ಮೊದಲೇ ಎದ್ದು ನೀರು ಹಿಡಿಯುತ್ತಿದ್ದಳು, ಯಾರೂ ಹೇಳದ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ತನ್ನ ತಮಿಳು ಬೆರೆತ ಕನ್ನಡದಲ್ಲಿ ಬಾಗಿಲಿಂದಲೇ ಕೇಳುತ್ತಿದ್ದಳು, "ಏನಮ್ಮಾ, ಊರಿಗೆ ಪೋಗಲ್ವಾ ಇನ್ನೂ?" ಅಮ್ಮ ನಗುತ್ತಿದ್ದಳು. ಆ ನಗು ನನಗೆ ನೆನಪಿದೆ ಅಂತ ಬರೆಯಬಹುದು. ಆದರೆ ಈಗಿನ ಅಮ್ಮನ ನಗುವನ್ನೇ ಅಲ್ಲಿಗೆ ಅಂಟಿಸುತ್ತಿದ್ದೇನೋ ಏನೋ.

ಒಂದು ಭಾನುವಾರ ಅಪ್ಪ ಬಂದ. ನಮ್ಮ ಸ್ಕೂಲ್ ಬ್ಯಾಗು, ಇಸ್ತ್ರಿ ಮಾಡಿದ ಯೂನಿಫಾರ್ಮು ತಂದಿದ್ದ. ಒಳಗೆ ಬರಲಿಲ್ಲ. ಅಮ್ಮ ಹೊಸ್ತಿಲ ಈಚೆ ಕೈಗೆಟುಕುವಷ್ಟು ದೂರದಲ್ಲಿದ್ದಳು. ಅಪ್ಪ ಅಕ್ಕನಿಗೆ ಹೇಳಿದ, "ಅಮ್ಮಂಗೆ ಹೇಳು, ಸ್ಕೂಲ್ ಶುರುವಾಗಿದೆ ಅಂತ." ಅಕ್ಕ ಹೇಳಿದಳು. ಅಮ್ಮ ಬ್ಯಾಗು ತೆಗೆದುಕೊಂಡಳು. ಅಷ್ಟೇ.

ಆಮೇಲೆ ಮಾವ ಊಟಕ್ಕೆ ಕೂತಾಗ, "ಇಲ್ಲೇ ಯಾವ್ದಾದ್ರೂ ಸ್ಕೂಲಿಗೆ ಹಾಕಿದ್ರಾಯ್ತು, ಅವನ ಹಂಗ್ಯಾಕೆ" ಅಂದ.

ಅತ್ತೆ ಸಿಟ್ಟಿನಿಂದೇನೂ ಹೇಳಲಿಲ್ಲ. "ಹಾಕೋಣ ರೀ. ಆದ್ರೆ ಅತ್ತೆಮ್ಮ ಎಷ್ಟು ದಿನ ಅಂತ ಡ್ರಮ್ಮಿನ ಪಕ್ಕ ಮಲಗ್ತಾರೆ?"

ನಾವು ಬಂದಾಗಿನಿಂದ ಅಜ್ಜಿಯ ಹಾಸಿಗೆ ಹಿತ್ತಲ ಬಾಗಿಲಿನ ನೀರಿನ ಡ್ರಮ್ಮಿನ ಹತ್ತಿರ ಹೋಗಿತ್ತು. ನಮಗೆ ಅದೂ ರಜೆಯ ಒಂದು ಮಜಾ ಅನ್ನಿಸಿತ್ತು. ಅಮ್ಮ ತುತ್ತು ಕೈಯಲ್ಲೇ ಹಿಡಿದು ಆ ಹಾಸಿಗೆಯ ಸುರುಳಿಯನ್ನು ನೋಡಿದಳು.

ಎರಡು ದಿನದಲ್ಲಿ ಶಿವಾಜಿನಗರದಿಂದ ಹಸಿರು ರವಿಕೆ ಕಣ ಬಂತು, ತೆಂಗಿನಕಾಯಿ ಬಂತು. ಅಕ್ಕ ನನ್ನನ್ನು ಹಿತ್ತಲಿಗೆ ಎಳೆದಳು. "ಅಜ್ಜಿ ನಮ್ಮನ್ನ ಕಳಿಸ್ತಾ ಇದಾಳೆ ಕಣೋ. ಮಣೆ ಇಲ್ದಿದ್ರೆ ಹೆಂಗೆ ತುಂಬ್ತಾಳೆ?" ಇಬ್ಬರೂ ಸೇರಿ ಅಟ್ಟದಿಂದ ಮಣೆ ಇಳಿಸಿ ಡ್ರಮ್ಮಿನ ಹಿಂದೆ ತೂರಿಸಿ, ಮೇಲೆ ಗೋಣಿಚೀಲ ಮುಚ್ಚಿದೆವು. ಉಪಾಯ ತನ್ನದು ಅಂತ ಅಕ್ಕ ಇವತ್ತಿಗೂ ಬೀಗುತ್ತಾಳೆ. ಬೀಗಲಿ.

ಮಾರನೇ ದಿನ ಅಜ್ಜಿ ಅಟ್ಟ ತಡಕಿದಳು, ಮಂಚದ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, "ಮಣೆ ಸಿಗ್ತಿಲ್ಲ ಕಣೇ. ಇವತ್ತು ಬೇಡ ಬಿಡು, ನೋಡೋಣ" ಅಂದಳು. ಆ ದನಿಯಲ್ಲಿ ಬೇಸರ ಇರಲಿಲ್ಲ. ನಾನು ಅಕ್ಕನ ಕೈ ಚಿವುಟಿದೆ, ಗೆದ್ದೆವು ಅಂತ.

ಅಮ್ಮ ನಮ್ಮಿಬ್ಬರ ಮುಖ ನೋಡಿದಳು. ನೆಟ್ಟಗೆ ಹಿತ್ತಲಿಗೆ ಹೋಗಿ, ಗೋಣಿ ಸರಿಸಿ, ಮಣೆ ತಂದು, ಸೆರಗಿನಲ್ಲಿ ಧೂಳು ಒರೆಸಿ, ತಾನೇ ಕೂತಳು. "ತುಂಬಮ್ಮ" ಅಂದಳು.

ಅಜ್ಜಿ ತುಂಬಿದಳು. ಅಮ್ಮ ಒಂದು ಹಿಡಿ ಅಕ್ಕಿ ಡಬ್ಬಕ್ಕೆ ಹಾಕಿದಳು. ಇನ್ನೊಂದು ಹಿಡಿ ಹಾಕಿದಳು. ಮತ್ತೊಂದು. ನಿಲ್ಲಿಸಲೇ ಇಲ್ಲ. ಕೊನೆಗೆ ಅಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡಳು. "ಸಾಕು ಕಣೇ. ಅಲ್ಲಿಗೇನ್ ತಗೊಂಡ್ ಹೋಗ್ತೀಯ?"

ಸೆರಗಿನ ಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡು ಅಮ್ಮ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಹಳೇ ಮದರಾಸು ರಸ್ತೆ ಪೂರ್ತಿ ಅಕ್ಕ ಅಳುತ್ತಿದ್ದಳು, ರಜೆ ಮುಗಿಯಿತಲ್ಲ ಎಂದು.

ಇಲ್ಲಿಂದ ಮುಂದೆ ನಮ್ಮ ಲೆಕ್ಕ ಕೂಡುವುದಿಲ್ಲ. ಕೆ.ಆರ್. ಪುರದ ಮನೆಯ ಬಾಗಿಲಲ್ಲಿ ಅಪ್ಪ ನನ್ನನ್ನು ನೋಡಿ, "ಅಮ್ಮಂಗೆ ಹೇಳು, ಒಳಗೆ ಬರೋಕೆ" ಅಂದ. ಅವನ ದನಿ ಸಮೇತ ನನಗೆ ಕೇಳಿಸುತ್ತದೆ. ಅಕ್ಕನ ಪ್ರಕಾರ ಹಾಗಲ್ಲ. ಅಪ್ಪ ಅವತ್ತು ಅಮ್ಮನ ಮುಖ ನೋಡಿ ತಾನೇ "ಬಂದ್ಯಾ?" ಅಂದ, ಮಾತು ಶುರುವಾಗಿದ್ದೇ ಆ ಹೊತ್ತಿಂದ. ಅಕ್ಕನ ಕಥೆ ಸುಖವಾಗಿ ಮುಗಿಯುವುದು ಆ ಒಂದು ಮಾತಿನ ಮೇಲೆ.

ಇದನ್ನು ನಾವು ತುಂಬ ವರ್ಷ ಅಮ್ಮನನ್ನು ಕೇಳಿರಲಿಲ್ಲ. ಕೇಳಿದಾಗ ಅಪ್ಪ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ಅಮ್ಮ ನನ್ನ ಜೊತೆ ಸಿ.ವಿ. ರಾಮನ್ ನಗರದ ಮನೆಯಲ್ಲಿದ್ದಳು. ಬೇಸಿಗೆ ರಜೆಗೆ ಮಗಳ ಜೊತೆ ಬಂದ ಅಕ್ಕ ಮತ್ತೆ ಆ ಕಥೆ ತೆಗೆದಳು. "ಬಂದ್ಯಾ?" ಎಂಬಲ್ಲಿಗೆ ಬಂದಾಗ ನಾನು ತಡೆಯಲಾರದೆ, "ಅಪ್ಪ ಹಂಗನ್ಲಿಲ್ಲ, ನಂಗೆ ಹೇಳಿದ್ದು" ಅಂದೆ. ಇಬ್ಬರೂ ಅಮ್ಮನ ಕಡೆ ತಿರುಗಿದೆವು.

ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದಳು. "ಯಾರು ಏನಂದ್ರು? ಯಾರೂ ಏನೂ ಅನ್ಲಿಲ್ಲ. ಬಾಗ್ಲು ತೆಗ್ದೇ ಇತ್ತು. ನಿಮ್ಮಪ್ಪ ಪೇಪರ್ ಓದ್ತಿದ್ರು. ಗಂಟು ಜಗ್ತಿತ್ತು, ಒಳಗೆ ಹೋಗಿ ಇಳಿಸ್ದೆ."

"ಇಲ್ಲಮ್ಮ, ಮಾತಾಡಿದ್ರು. ನಿಂಗೆ ಮರ್ತೋಗಿದೆ" ಅಂದಳು ಅಕ್ಕ.

"ನಾನೇ ಮಣೆ ಹಾಕ್ಕೊಂಡು ಕೂತವಳು ಕಣೇ. ಮಾತಾಡ್ತಾರೋ ಇಲ್ವೋ ಅಂತ ಬಸ್ಸಲ್ಲಿ ಪೂರ್ತಿ ಅದೇ ಯೋಚ್ನೆ. ನಂಗೆ ಮರೆಯುತ್ತಾ?"

ಅಕ್ಕ ಎದ್ದು ಬಾಲ್ಕನಿಗೆ ಹೋದಳು. ಅವಳ ಮಗಳು ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡಿದಳು. ಇಷ್ಟು ವರ್ಷ ಅಪ್ಪನ ದನಿ ಅಂತ ನಾನು ಕೇಳಿಸಿಕೊಂಡಿದ್ದು ಯಾರ ದನಿಯನ್ನು?

ಊಟದ ಹೊತ್ತಿಗೂ ಅಕ್ಕ ಒಳಗೆ ಬರಲಿಲ್ಲ. ಅಮ್ಮ ತಟ್ಟೆ ಹಾಕುತ್ತಾ ನನಗೆ ಹೇಳಿದಳು, "ನಿಮ್ಮಕ್ಕಂಗೆ ಹೇಳು, ಊಟಕ್ಕೆ ಬಾ ಅಂತ."

ನಾನು ಅರ್ಧ ಎದ್ದವನು ಮತ್ತೆ ಕೂತೆ. "ನೀನೇ ಕರಿ ಅಮ್ಮ" ಅಂದೆ.

ಅಮ್ಮ ತಟ್ಟೆ ಕೆಳಗಿಟ್ಟಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಾಲ್ಕನಿಯ ಕಡೆ ಹೋದಳು. ತುಂಬ ಹೊತ್ತು ಇಬ್ಬರೂ ಬರಲಿಲ್ಲ. ಸಾರು ತಣ್ಣಗಾಯಿತು.