ಕಿವಿಯಕ್ಕನ ಎರಡನೇ ನಕಲು

ನಮ್ಮೂರಿನ ಆಸ್ಪತ್ರೆಯಲ್ಲಿ ಕಿವಿ ಕೇಳದ ಮಕ್ಕಳಿಗೆ ಶ್ರವಣಯಂತ್ರ ಹೊಂದಿಸಿಕೊಡುವ ಅಕ್ಕನನ್ನು ಮಕ್ಕಳೆಲ್ಲ ಕಿವಿಯಕ್ಕ ಅಂತಲೇ ಕರೆಯುತ್ತಾರೆ. ಮಕ್ಕಳು ಎಷ್ಟೇ ರಗಳೆ ಮಾಡಿದರೂ ಗದರುವವರಲ್ಲ. ಕೆಲಸದಲ್ಲಿ ಯಾರಾದರೂ ಅವಸರಪಡಿಸಿದರೆ ಮಾತ್ರ ಸಿಡುಕುತ್ತಾರೆ. ಅವತ್ತು ಆ ಸಿಡುಕು ಬಿದ್ದಿದ್ದು ನನ್ನ ಮೇಲೆ.

ನನ್ನ ಮಗಳ ಯಂತ್ರ ಹಾಳಾಗಿ ಹೊಸದು ಬಂದಿತ್ತು. ಅದಕ್ಕೆ ತುಂಬಬೇಕಾದ ಅವಳ ಕಿವಿಯ ಅಳತೆಗಳಿದ್ದ ಕಂಪ್ಯೂಟರು ಬೆಳಿಗ್ಗೆಯಷ್ಟೇ ಪೂರ್ತಿ ಕೆಟ್ಟು ಕೂತಿತ್ತು. ಅದಕ್ಕೆ ಹೊಸ ಡಿಸ್ಕ್ ಹಾಕಿಯಾಗಿತ್ತು. ಉಳಿದಿದ್ದು ಆ ಅಳತೆಗಳ ನಕಲಿದ್ದ, ಬೀರುವಿನಲ್ಲಿಟ್ಟ ಬ್ಯಾಕಪ್ ಡಿಸ್ಕ್ ಒಂದೇ. ಅದೂ ಕೈಕೊಟ್ಟರೆ ತಿಂಗಳುಗಟ್ಟಲೆ ಮಗಳನ್ನು ಅಳಿಸಿ, ರಮಿಸಿ ಮಾಡಿದ ಪರೀಕ್ಷೆಗಳೆಲ್ಲ ಮತ್ತೆ ಮೊದಲಿಂದ.

"ಬೇಗ ತುಂಬಿಬಿಡಿ ಅಕ್ಕಾ," ಅಂದೆ. ಮಡಿಲಲ್ಲಿದ್ದ ಮಗಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಇರೋದೊಂದೇ ಕಣಮ್ಮ. ಮೊದಲು ಇದರದ್ದೇ ಇನ್ನೊಂದು ನಕಲು ತೆಗೀತೀನಿ."

"ನಕಲಿಗೂ ನಕಲಾ?"

"ಮತ್ತೇನು, ಇರೋ ಒಂದು ಕಣ್ಣಿಗೂ ಬೆರಳು ಹಾಕ್ಕೊಳ್ಳಲಾ?"

ಪರದೆಯ ಮೇಲಿನ ಹಸಿರು ಪಟ್ಟಿ ತೆವಳಿ ತೆವಳಿ ತುದಿ ಮುಟ್ಟಿತು. ಆಮೇಲೇ ಅವರು ಬ್ಯಾಕಪ್ಪಿನಿಂದ ಕಂಪ್ಯೂಟರಿಗೆ ತುಂಬಲು ಶುರು ಮಾಡಿದರು. ಅರ್ಧದಲ್ಲಿ ಆ ಡಿಸ್ಕ್ ಕಿರ್ರೆಂದು ನಿಂತೇಹೋಯಿತು. ಕಿವಿಯಕ್ಕ ಅದನ್ನು ಕಿತ್ತಿಟ್ಟು, ಆಗಷ್ಟೇ ತೆಗೆದ ನಕಲನ್ನು ಜೋಡಿಸಿದರು.

ಈ ಸಲ ಎಲ್ಲ ಬಂತು. ಅಳತೆ ತುಂಬಿದ ಯಂತ್ರವನ್ನು ಮಗಳ ಕಿವಿಗೆ ಸಿಕ್ಕಿಸಿ ಅವರು ಕುರ್ಚಿ ಸರಿಸಿದ್ದೇ ತಡ, ಆ ಸದ್ದಿಗೆ ಅವಳು ಬೆಚ್ಚಿಬಿದ್ದು ಸೂರು ಹಾರಿಹೋಗುವಂತೆ ಅತ್ತಳು.

ನಾನು ಶ್ ಎನ್ನಲು ಹೋದೆ.

"ಅಳಲಿ ಬಿಡು," ಅಂದರು ಕಿವಿಯಕ್ಕ, "ಕೇಳಿಸ್ತಿದೆ."